ಬಿಳಿ ಕೋಳಿಯ ನೆತ್ತಿಗೆ ಕುಂಕುಮ

ಮೈದುನನ ಹೆಂಡತಿ ಧರ್ಮಪುರದಿಂದ ತಾಳ್ಯದ ನಮ್ಮ ಮನೆಗೆ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಬಸ್ಸಿಳಿದವಳ ಕಂಕುಳಲ್ಲಿ ಒಂದು ಬಿಳಿ ಕೋಳಿ ಇತ್ತು. ಮರಿಯಿಂದ ಅವಳೇ ಸಾಕಿದ್ದು. ಹೊಸ ಸೊಸೆಯ ಹಣೆಗೆ ಕುಂಕುಮವಿಟ್ಟ ಅತ್ತೆ, ಅದೇ ಬೆರಳನ್ನು ಕೋಳಿಯ ನೆತ್ತಿಗೂ ಒತ್ತಿದರು.

“ಮನಿಗೆ ಬಂದ ಜೀವ. ಬರೀ ನೆತ್ತೀಲಿ ಬಿಡಾಕಾಗತ್ತೇನು?”

ಕೋಳಿಗಳು ಕೆಂಪು ಕಂಡಲ್ಲಿ ಕುಕ್ಕುತ್ತವೆ. ಆರು ವರ್ಷ ಆ ಮನೆಯ ಕೋಳಿಗೂಡು ಗುಡಿಸಿದ್ದ ನನಗೆ ಇದು ಗೊತ್ತಿತ್ತು. ಒರೆಸಿಬಿಡಿ ಎನ್ನಬಹುದಿತ್ತು. ಅನ್ನಲಿಲ್ಲ.

ಕೋಳಿಗಳಲ್ಲಿ ಮೆಚ್ಚುವಂಥದ್ದನ್ನು ನಾನು ಇದುವರೆಗೆ ಕಂಡಿಲ್ಲ. ನಮ್ಮಲ್ಲಿ ಏಳು ನಾಟಿ ಹೇಂಟೆಗಳಿದ್ದವು. ಕಾಳು ಚೆಲ್ಲಿದರೆ ಮೊದಲು ಕಂದು ಹೇಂಟೆ, ಕೊನೆಗೆ ಬೆರಳು ಮುರಿದ ಕುಂಟಿ. ಕುಂಟಿಯನ್ನು ಉಳಿದ ಆರೂ ಕುಕ್ಕುತ್ತಿದ್ದವು. ಕುಂಟಿಗೆ ಕುಕ್ಕಲು ಯಾರೂ ಇರಲಿಲ್ಲ.

ಬಿಳಿಯದನ್ನು ಹಿತ್ತಲಿಗೆ ಬಿಟ್ಟೆವು. ಕಂದು ಹೇಂಟೆ ಎದೆಯುಬ್ಬಿಸಿ ಬಂದು ಎರಡು ಸಲ ಕುಕ್ಕಿತು. ಬಿಳಿಯದು ತಲೆ ತಗ್ಗಿಸಿತು. ಅಷ್ಟೇ, ಕಂದು ಹೇಂಟೆ ಮತ್ತೆ ಅದರ ಗೊಡವೆಗೆ ಹೋಗಲಿಲ್ಲ. ಉಳಿದವೂ ಒಂದೊಂದಾಗಿ ಬಂದು ತಮ್ಮ ಪಾಲಿನ ಸಲಾಮು ವಸೂಲು ಮಾಡಿಕೊಂಡು ಹೋದವು. ಬಿಡದೆ ಹಿಂದೆ ಬಿದ್ದದ್ದು ಕುಂಟಿ ಮಾತ್ರ. ಬಿಳಿಯದು ತಲೆ ತಗ್ಗಿಸಿದಷ್ಟೂ ಕುಂಕುಮ ಅದಕ್ಕೆ ಚೆನ್ನಾಗಿ ಕಾಣುತ್ತಿತ್ತು. ಮರುದಿನಕ್ಕೆ ಕುಂಕುಮ ಯಾವುದು, ರಕ್ತ ಯಾವುದು ಎಂದು ತಿಳಿಯದಂತಾಯಿತು. ಸುಮ್ಮನಾಗಿದ್ದವೂ ರಕ್ತ ಕಂಡು ಮರಳಿ ಬಂದವು.

“ಅಕ್ಕ, ಅದನ್ನ ಬ್ಯಾರೆ ಕಟ್ಟಾಣ್ರಿ,” ಎಂದಳು ವಾರಗಿತ್ತಿ. ಕೋಳಿಗಳ ಉಸ್ತುವಾರಿ ನನ್ನದು. ನನ್ನನ್ನು ಕೇಳದೆ ಅವಳು ಒಂದು ಬುಟ್ಟಿ ಮುಟ್ಟುವಂತಿರಲಿಲ್ಲ.

“ಎಲ್ಡು ದಿನ ಕುಕ್ಕಿಸ್ಕಳ್ಳಿ ಬಿಡವ್ವ. ನಾವು ಕುಕ್ಕಿಸ್ಕಳ್ಲಿಲ್ಲೇನು?”

ಅತ್ತೆ ನಕ್ಕರು. ಆರು ವರ್ಷದಲ್ಲಿ ನನ್ನ ಮಾತಿಗೆ ಅವರು ನಕ್ಕದ್ದು ಅದೇ ಮೊದಲು. ನನಗೆ ಹಿತವಾಯಿತು. ಈಗ ಅದನ್ನು ಬರೆಯದೆ ಬಿಡಬಹುದು. ಆದರೂ ಹಿತವಾಯಿತೆಂದೇ ಬರೆಯಬೇಕು.

ಮೂರನೆಯ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದೆ. ಬಿಳಿಯದು ಮೂಲೆಗೆ ತಲೆಯಿಟ್ಟು ಸತ್ತಿತ್ತು. ಅದರ ಬೆನ್ನ ಮೇಲೆ ಕುಂಟಿ ನಿಂತಿತ್ತು. ಕಾಳು ಚೆಲ್ಲಿದೆ. ಮೊದಲು ಕಂದು ಹೇಂಟೆ ಬಂತು. ಕುಂಟಿ ಕೊನೆಗೇ ಬಂತು, ಆರೂ ಅದನ್ನು ಕುಕ್ಕಿದವು. ಒಂದು ಜೀವ ತೆಗೆದು ಅದು ಒಂದು ಮೆಟ್ಟಿಲೂ ಮೇಲೇರಿರಲಿಲ್ಲ.

ವಾರಗಿತ್ತಿ ಸತ್ತ ಕೋಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅಳಲಿಲ್ಲ.

“ಎಲ್ಲಿ ಹೂಳ್ಲಿ, ಹೇಳ್ರಿ,” ಎಂದಳು.

ಅಕ್ಕ ಎನ್ನಲಿಲ್ಲ. ಆಮೇಲೂ ಎಂದೂ ಅನ್ನಲಿಲ್ಲ.