ಬ್ರೇಕಿಲ್ಲದ ಬೈಕಿನ ನಾಲ್ಕು ಶುಕ್ರವಾರ

ಆ ವರ್ಷ ತೊಂಬತ್ತೈದೋ ತೊಂಬತ್ತಾರೋ, ಈಗ ಖಚಿತವಿಲ್ಲ. ಫೆಬ್ರವರಿ ಎಂಬುದಾದರೂ ನಿಜವಿರಬೇಕು, ಯಾಕೆಂದರೆ ಆ ರೇಸುಗಳ ನೆನಪಿನಲ್ಲೆಲ್ಲ ನಾನು ಕಂದು ಸ್ವೆಟರ್ ಹಾಕಿಕೊಂಡಿದ್ದೇನೆ. ಆದರೆ ಆ ಸ್ವೆಟರ್ ಹೆಣೆದು ಕಳಿಸಿದ್ದು ಮುಂದಿನ ವರ್ಷ ಎಂದು ಅಕ್ಕ ಹೇಳುತ್ತಾಳೆ. ಹೀಗೆ ಶುರುವಿನಲ್ಲೇ ನನ್ನ ಸಾಕ್ಷ್ಯ ಬಿದ್ದುಹೋಗುತ್ತದೆ.

ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ನಾನು ಆಗ ಖತಾರಿನಲ್ಲಿ, ಬಿನ್ ಒಮ್ರಾನ್ ಬಡಾವಣೆಯ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಟೆಂಡರ್ ಕಾಗದ ತಯಾರಿಸುವ ಕೆಲಸದಲ್ಲಿದ್ದೆ. ಉಳಿದ ದಿನ ಹೇಗೋ ಸಾಗುತ್ತಿತ್ತು, ರಜೆಯ ಶುಕ್ರವಾರ ಸಾಗುತ್ತಿರಲಿಲ್ಲ. ಬಟ್ಟೆ ಒಗೆದು, ಅನ್ನ ಸಾರು ಮಾಡಿ, ಕಿಟಕಿಯ ಹತ್ತಿರ ನಿಂತು, ರಾಜೀನಾಮೆ ಪತ್ರವನ್ನು ಮನಸ್ಸಿನಲ್ಲೇ ಬರೆದು, ಮತ್ತೆ ಕಿಟಕಿಗೆ ಬರುತ್ತಿದ್ದೆ. ಅಂಥ ಒಂದು ಶುಕ್ರವಾರ ಕಂಪನಿಯ ವರ್ಕ್‌ಶಾಪಿನ ಮೆಕ್ಯಾನಿಕ್ ಬಾಗಿಲಲ್ಲಿ ನಿಂತ. ಕಾರ್ಕಳದ ಕಡೆಯವನು, ಮನೆಮಾತು ತುಳು.

"ಎಂತ ಸರ್, ಬೋನಿಗೆ ಬಿದ್ದ ಹುಲಿಯ ಹಾಗೆ ಸುತ್ತುದು? ಬನ್ನಿ, ಸುತ್ತುವುದೇ ಆದ್ರೆ ಅಲ್ಲಿ ಬೈಕಿನಲ್ಲಿ ಸುತ್ತುವವರು ಉಂಟು."

ಊರಾಚೆ ಗ್ರೇಡರ್ ಎಳೆದು ಸಮ ಮಾಡಿದ, ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕ್. ಐದಾರು ಕಂಪನಿಗಳ ವರ್ಕ್‌ಶಾಪಿನವರು ಸೇರಿ ಆ ತಿಂಗಳ ಪ್ರತಿ ಶುಕ್ರವಾರ ಅಲ್ಲಿ ರೇಸ್ ಇಟ್ಟಿದ್ದರು. ಆ ಬೈಕುಗಳಿಗೆ ಬ್ರೇಕೇ ಇಲ್ಲ. ತಿರುವೆಲ್ಲ ಎಡಕ್ಕೆ, ಹಿಂದಿನ ಚಕ್ರವನ್ನು ಜಾರಿಸಿಕೊಂಡು, ಕಬ್ಬಿಣದ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಎಳೆಯುತ್ತ ತಿರುಗಬೇಕು. ವೇಗ ಇಳಿಸಬೇಕೆಂದರೆ ಬಲಗೈಯ ಎಕ್ಸಲರೇಟರ್ ಬಿಡಬೇಕು, ಬೇರೆ ದಾರಿಯಿಲ್ಲ. ನಮ್ಮ ಟೀಮಿನಲ್ಲಿ ಇಬ್ಬರು ಸವಾರರು: ಈ ಮೆಕ್ಯಾನಿಕ್, ಮತ್ತೊಬ್ಬ ಮಲಯಾಳಿ ವೆಲ್ಡರ್. ನಾನು ಪೆಟ್ರೋಲ್ ಕ್ಯಾನ್ ಹಿಡಿಯುವವನು.

ಬೈಕು ಕೊಡಿಸಿದ್ದು ನಮ್ಮ ಕಂಪನಿಯ ಖತಾರಿ ಮಾಲೀಕರು. ಎಲ್ಲರಂತೆ ನಾವೂ ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು. ಮೊದಲ ರೇಸಿನ ಹಿಂದಿನ ದಿನ ವರ್ಕ್‌ಶಾಪಿಗೆ ಬಂದು, ಚಹಾ ಕುಡಿಯುತ್ತ, ತಮ್ಮ ಗಲ್ಫ್ ಹಿಂದಿಯಲ್ಲಿ ಮೆಕ್ಯಾನಿಕ್ಕನಿಗೆ ಹೇಳಿದರು: ತಿಂಗಳ ಕೊನೆಗೆ ಟೀಮು ಮೊದಲನೆಯದೋ ಎರಡನೆಯದೋ ಬರಲಿ, ನಿನ್ನನ್ನು ಫೋರ್‌ಮನ್ ಮಾಡುತ್ತೇನೆ, ಆಮೇಲೆ ಹೆಂಡತಿ ಮಗುವನ್ನು ಕರೆಸಿಕೋ, ಅಷ್ಟೇ. "ಬೀವಿ ಲಾವ್, ಬಚ್ಚಾ ಲಾವ್. ಖಲಾಸ್!"

ಅರ್ಬಾಬರಿಗೆ ಅದು ಚಹಾದ ಜೊತೆಗಿನ ಮಾತು. ಇವನಿಗೆ ಹಾಗಲ್ಲ. ಇಂಜಿನ್ ಬಿಚ್ಚಿ ಕಟ್ಟುವವನಾದರೂ ಇವನ ವೀಸಾದಲ್ಲಿ 'ಕೂಲಿ' ಎಂದಿತ್ತು, ಕೂಲಿಯವರಿಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಬರುತ್ತಿರಲಿಲ್ಲ. ಮಗಳನ್ನು ತೊಟ್ಟಿಲಲ್ಲಿ ನೋಡಿ ಬಂದವನು. ಈಗ ಅದು ಫೋನಿನಲ್ಲಿ "ಯಾರು?" ಎಂದು ಕೇಳುತ್ತಿತ್ತು.

ಮೊದಲ ಶುಕ್ರವಾರ ಗೆದ್ದೆವು. ಗೆದ್ದ ಕಾರಣ ಆಮೇಲೆ ತಿಳಿಯಿತು. ಅಲ್ ಥುಮಾಮಾದಲ್ಲಿದ್ದ ನಮ್ಮ ವರ್ಕ್‌ಶಾಪಿನ ಹಿಂದಿನ ಬಯಲಲ್ಲಿ ಇವರು ಅಭ್ಯಾಸ ಮಾಡುತ್ತಿದ್ದರು. ಮೆಕ್ಯಾನಿಕ್ ದಿನಾ ಟ್ಯಾಂಕರಿನಲ್ಲಿ ಉಳಿದ ನೀರನ್ನು ಅಲ್ಲಿಗೆ ಹಾಯಿಸುತ್ತಿದ್ದ. "ನೀರು ಹಾಕದ ಅಂಗಳದಲ್ಲಿ ಎಂತ ಮಾಡ್ಲಿಕ್ಕೂ ಮನಸ್ಸು ಬರುದಿಲ್ಲ ಮಾರಾಯ್ರೆ" ಎನ್ನುತ್ತಿದ್ದ. ಆ ಶುಕ್ರವಾರ ರೇಸಿನವರೂ ಟ್ರ್ಯಾಕಿಗೆ ಚೆನ್ನಾಗಿ ನೀರು ಹೊಡೆದಿದ್ದರು. ಒದ್ದೆ ಮಣ್ಣಿನ ಮೇಲೆ ಇವನು ತನ್ನ ಮನೆ ಹಜಾರದಲ್ಲಿ ಓಡಾಡುವಂತೆ ಓಡಿಸಿದ.

ಎರಡನೆಯ ಶುಕ್ರವಾರ ವೆಲ್ಡರ್ ತಿರುವಿನಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಅವನ ಹೆಲ್ಮೆಟ್ ಉರುಳುತ್ತ ನನ್ನ ಕಾಲ ಬಳಿ ಬಂದದ್ದು ನನಗೆ ನೆನಪಿದೆ. ಮೆಕ್ಯಾನಿಕ್ ಹೇಳುವ ಪ್ರಕಾರ ಹೆಲ್ಮೆಟ್ ಅವನ ತಲೆ ಬಿಟ್ಟೇ ಇರಲಿಲ್ಲ. ಆಸ್ಪತ್ರೆಯಲ್ಲಿ ವೆಲ್ಡರ್ ಕೇಳಿದ್ದು ಒಂದೇ ಪ್ರಶ್ನೆ: ಈ ಕೈಯಲ್ಲಿ ಇನ್ನು ವೆಲ್ಡಿಂಗ್ ಟಾರ್ಚ್ ಹಿಡಿಯಬಹುದೇ? ವಾಪಸು ಬರುವಾಗ ಮೆಕ್ಯಾನಿಕ್ ಮತ್ತು ನಾನು ಇಬ್ಬರೇ. ಕೈ ಮುರಿದ ಮೆಕ್ಯಾನಿಕ್ಕನಿಗೆ ಊರಿನ ಟಿಕೆಟ್ ಕೊಡುತ್ತಾರೆ, ಫೋರ್‌ಮನ್ ಪಟ್ಟ ಕೊಡುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಬಿಟ್ಟುಬಿಡಿ ಇದನ್ನ" ಎಂದೆ.

"ಬಿಟ್ರೆ ಅವಳು ಹೇಗೆ ಬರುದು ಸರ್? ಈಜಿಕೊಂಡಾ?"

ಮೂರನೆಯ ಶುಕ್ರವಾರ ಉತ್ತರದ ಗಾಳಿ ಎದ್ದಿತ್ತು. ಹೊಡೆದ ನೀರು ಕ್ಷಣದಲ್ಲಿ ಆರಿ ಟ್ರ್ಯಾಕೆಲ್ಲ ಹಿಟ್ಟಿನಂಥ ದೂಳು. ಒಣ ನೆಲ ಇವನಿಗೆ ಹೊಸದು. ಪ್ರತಿ ತಿರುವಿನಲ್ಲೂ ಹೊರಗೆ ಜಾರಿ ಕೊನೆಯವನಾಗಿ ಬಂದ. ಪಕ್ಕದ ಟೀಮಿನವನೊಬ್ಬ ಹಿಂದಿಯಲ್ಲಿ, "ನಿಮ್ಮ ದೋಣಿ ನೀರಿಲ್ಲದೆ ಓಡುವುದಿಲ್ಲವಲ್ಲ!" ಎಂದು ಕೂಗಿದ. ಆ ವಾರವೆಲ್ಲ ನನಗೆ ಆಫೀಸಿನಲ್ಲಿ ಕೂರಲಾಗಲಿಲ್ಲ. ರೇಸಿನ ಬಗ್ಗೆ ನಂಬಿಕೆಯಿಲ್ಲ, ಅರ್ಬಾಬರ ಮಾತಿನ ಬಗ್ಗೆ ಇನ್ನೂ ಇಲ್ಲ. ಆದರೂ ಕೆಲಸ ಮುಗಿದೊಡನೆ ಅಲ್ ಥುಮಾಮಾಕ್ಕೆ ಹೋಗಿ, ನೀರು ಹಾಕದ ಬಯಲಲ್ಲಿ ಇವನು ಸುತ್ತುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಮನೆಗೆ ಬಂದರೆ ಹಲ್ಲಿನಲ್ಲೆಲ್ಲ ಮರಳು.

ಕೊನೆಯ ಶುಕ್ರವಾರದ ಲೆಕ್ಕ ಸರಳವಾಗಿತ್ತು. ಕೊನೆಯ ಓಟದಲ್ಲಿ ಇವನು ಮೊದಲಿಗನಾದರೆ ಕಪ್ ನಮ್ಮದು, ಎರಡನೆಯವನಾದರೆ ಟೀಮಿಗೆ ಎರಡನೆಯ ಸ್ಥಾನ, ಬಿದ್ದರೆ ಏನೂ ಇಲ್ಲ. ಅರ್ಬಾಬರು ಗೆಳೆಯರನ್ನು ಕರೆದುಕೊಂಡು ಬಂದಿದ್ದರು.

ಕೊನೆಯ ಸುತ್ತಿನಲ್ಲಿ ಇವನು ಎರಡನೆಯವನಾಗಿದ್ದ. ಮುಂದಿದ್ದವನು ಕೊನೆಯ ತಿರುವಿನಲ್ಲಿ ಸ್ವಲ್ಪ ಹೊರಕ್ಕೆ ಹೋದ. ಒಳಗೆ ಜಾಗ ಬಿತ್ತು. ಹೆಚ್ಚಲ್ಲ, ಒಂದು ಬೈಕು ನುಗ್ಗುವಷ್ಟು. "ಯಲ್ಲಾ! ಯಲ್ಲಾ!" ಎಂದು ನುಗ್ಗಲು ಕೂಗುತ್ತ ಅರ್ಬಾಬರು ಕಾರಿನ ಬಾನೆಟ್ ಬಡಿದರು. ಆಗ ಇವನ ಬಲ ಮಣಿಕಟ್ಟು ಮುಂದಕ್ಕೆ ತಿರುಗಿತು. ಇಂಜಿನ್ನಿನ ಸದ್ದು ತಗ್ಗಿತು. ಎರಡನೆಯವನಾಗಿಯೇ ಗೆರೆ ದಾಟಿದ.

ಅಷ್ಟು ದೂರದಿಂದ, ಆ ದೂಳಿನಲ್ಲಿ, ಕೈಗವಸಿನೊಳಗಿನ ಮಣಿಕಟ್ಟು ನನಗೆ ಕಂಡೀತೇ? ಕಾಣಲಾರದು ಎಂದು ನನ್ನ ಬುದ್ಧಿ ಹೇಳುತ್ತದೆ. ಕಂಡಿತು ಎಂದು ಕಣ್ಣು ಹೇಳುತ್ತದೆ.

"ಇಂಜಿನ್ ಸ್ವಲ್ಪ ಮಿಸ್ ಆಯ್ತು" ಎಂದ, ಹೆಲ್ಮೆಟ್ ತೆಗೆಯುತ್ತ.

"ಇದೇನು ಟ್ಯಾಕ್ಸಿಯಾ?" ಎಂದು ಅರ್ಬಾಬರು ಗೆಳೆಯರ ಮುಂದೆ ಬೈದು ಹೊರಟುಹೋದರು.

ಮುಂದಿನ ವಾರಗಳು ಆ ನಾಲ್ಕು ಶುಕ್ರವಾರಕ್ಕಿಂತ ಕೆಟ್ಟದಾಗಿದ್ದವು. ಅರ್ಬಾಬರು ಆ ಮಾತೇ ಎತ್ತಲಿಲ್ಲ. ಇವನೂ ಎತ್ತಲಿಲ್ಲ. ದಿನವೂ ಏನೋ ನೆಪ ಮಾಡಿಕೊಂಡು ಆಫೀಸಿಗೆ ಬಂದು, ನನ್ನ ಮುಖ ನೋಡಿ ಹೋಗುತ್ತಿದ್ದ. ಕೊನೆಗೆ ತಡೆಯಲಾರದೆ, ಫೋರ್‌ಮನ್ ಹುದ್ದೆಯ ಕಾಗದವನ್ನು ನಾನೇ ಟೈಪ್ ಮಾಡಿಸಿ, ಅರ್ಬಾಬರ ಮೇಜಿನ ಮೇಲಿಟ್ಟು, ಅದು ಯಾವ ಕಾಗದವೆಂದು ತಿಳಿಸಿದೆ. ಅವರು ಬಹಳ ಹೊತ್ತು ನೋಡಿದರು. ಅಥವಾ ನೋಡಲೇ ಇಲ್ಲವೋ. "ಎರಡನೆಯದು ಅಂದಿದ್ದೆನಲ್ಲ" ಎಂದು ಸಹಿ ಹಾಕಿದರು. "ಆ ಬೈಕನ್ನು ಮಾರಿಬಿಡಲು ಹೇಳು."

ಹೆಂಡತಿ ಮಗು ಬಂದಿಳಿದ ದಿನ ವಿಮಾನ ನಿಲ್ದಾಣಕ್ಕೆ ಅವನ ಜೊತೆ ನಾನೂ ಹೋಗಿದ್ದೆ. ಮಗು ಅಪ್ಪನನ್ನು ನೋಡಿ ತಾಯಿಯ ಸೀರೆಯೊಳಗೆ ಮುಖ ಹುದುಗಿಸಿ ಅತ್ತಿತು. ಅವನು ಎತ್ತಿಕೊಳ್ಳಲು ಚಾಚಿದ ಕೈಯನ್ನು ಪೆಟ್ಟಿಗೆಯ ಕಡೆ ತಿರುಗಿಸಿಕೊಂಡ.

ಅಲ್ ರಯ್ಯಾನಿನಲ್ಲಿ ಮನೆ ಮಾಡಿದರು. ಶುಕ್ರವಾರ ನನಗೆ ಅಲ್ಲೇ ಊಟ. ಒಂದು ಸಲ ಕಂಪನಿಯ ಹಳೆಯ ಕಾರಿನಲ್ಲಿ ಸಮುದ್ರದ ಕಡೆ ಹೊರಟಿದ್ದೆವು. ಮಗು ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿ, ನಾನು ಹಿಂದೆ. ಅವನು ಎಷ್ಟು ನಿಧಾನ ಓಡಿಸುತ್ತಿದ್ದನೆಂದರೆ ನೀರಿನ ಟ್ಯಾಂಕರೂ ಹಾರ್ನ್ ಹೊಡೆದು ಮುಂದೆ ಹೋಯಿತು.

"ಇವರಿಗೆ ಗಾಡಿ ಬಿಡ್ಲಿಕ್ಕೆ ಯಾರು ಕಲಿಸಿದ್ದು ಅಣ್ಣ?" ಎಂದು ಅವನ ಹೆಂಡತಿ ನನ್ನ ಕಡೆ ತಿರುಗಿದಳು. "ಇನ್ನು ನಡೆದು ಹೋಗುವವರೂ ನಮ್ಮನ್ನು ದಾಟ್ತಾರೆ."

ರೇಸಿನ ವಿಷಯ ಅವನು ಅವಳಿಗೆ ಹೇಳಿಯೇ ಇರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ನಾನು ಬಾಯಿ ತೆರೆಯುವಷ್ಟರಲ್ಲಿ ಕನ್ನಡಿಯಲ್ಲಿ ಅವನ ಕಣ್ಣು ನನ್ನ ಮೇಲಿತ್ತು.

"ಇಂಜಿನ್ ಸ್ವಲ್ಪ ಮಿಸ್ ಆಗ್ತದೆ ಮಾರಾಯ್ತಿ" ಎಂದ.

ಆ ಇಂಜಿನ್ನನ್ನು ಅವನು ಹಿಂದಿನ ದಿನವಷ್ಟೇ ಬಿಚ್ಚಿ ಕಟ್ಟಿದ್ದ. ನಾನು ಕಿಟಕಿಯ ಕಡೆ ತಿರುಗಿ ಕೂತೆ.