ನಡುವಿನ ದನಿ

ಆಗೆಲ್ಲ ಭಾನುವಾರ ಬಂತೆಂದರೆ ನಮಗೆ ಕಾರೇ ಮನೆ. ಪರ್ತ್‌ನ ವಿಲೆಟನ್ ಬಡಾವಣೆಯಿಂದ ಯಾವುದೋ ಬೀಚಿಗೆ ಹೊರಡುವುದು, ಡಬ್ಬಿಯೊಳಗಿನ ಚಿತ್ರಾನ್ನದ ಒಗ್ಗರಣೆ ವಾಸನೆ ಸೀಟಿಗೆಲ್ಲ ಹತ್ತುವುದು, ಅಪ್ಪ ತಮ್ಮ ಸಿ.ಡಿ. ಹಾಕುವುದು. ಅಮೆರಿಕದ ನಾಲ್ವರು ಗಾಯಕರ ಹಳೆಯ ತಂಡ ಅದು. ಮೈಸೂರಿನಲ್ಲಿ ಡಾಕ್ಟರಿಕೆ ಓದುವಾಗ ಹಾಸ್ಟೆಲ್ಲಿನಲ್ಲಿ ಹತ್ತಿದ ಹುಚ್ಚು.

"ಇದು ಸೋಲ್ ಮ್ಯೂಸಿಕ್," ಎಂದರು ಅಪ್ಪ ಒಮ್ಮೆ. ನನ್ನ ಕಿವಿಗೆ ಅದು ಆತ್ಮ ಎನ್ನುವ ಇಂಗ್ಲಿಷಿನ ಸೋಲ್ ಅಲ್ಲ, ಗೆಲುವು-ಸೋಲಿನ ಸೋಲು.

"ಯಾವುದ್ರಲ್ಲಿ ಸೋತ್ರು ಅಪ್ಪ ಇವ್ರು?"

"ಲವ್ವಲ್ಲಿ ಪುಟ್ಟಿ. ಪ್ರತಿ ಹಾಡಲ್ಲೂ ಸೋಲ್ತಾರೆ."

"ಮಗು ಹತ್ರ ಏನ್ರೀ ಮಾತದು," ಎಂದು ಅಮ್ಮ ನಕ್ಕಳು.

ಹಾಡಿನ ಪಾಲು ಹಂಚಿದವರೂ ಅಪ್ಪನೇ. ತಳದ ದಪ್ಪ ದನಿ ಅವರದು, ಮೇಲಿನ ಧಾಟಿ ಅಮ್ಮನದು. ನನಗೆ ನಡುವಿನ ಬರೀ "ಊ... ಊ...". ಮುಖ ಊದಿಸಿಕೊಂಡರೆ, "ನೀನಿಲ್ದಿದ್ರೆ ನಾವಿಬ್ರೂ ಬೇರೆ ಬೇರೆ ಹಾಡು ಹಾಡ್ದಂಗಿರುತ್ತೆ," ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅಪ್ಪನಿಗೆ ದೇಶದ ಇನ್ನೊಂದು ತುದಿಯಲ್ಲಿ, ಬ್ರಿಸ್ಬೇನಿನಾಚೆಯ ಇಪ್ಸ್‌ವಿಚ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಮ್ಮ ತನ್ನ ಕ್ಲಿನಿಕ್ ಬಿಟ್ಟು ಬರಲೊಲ್ಲೆ ಎಂದಳು. ಫೋನಿನಲ್ಲಿ ಹಾಡಿ ನೋಡಿದೆವು. ದನಿಗಳು ಹಿಂದೆಮುಂದೆಯಾಗಿ ಹೊಂದಲೇ ಇಲ್ಲ. ಬರಬರುತ್ತಾ ಅವರಿಬ್ಬರ ಮಾತೂ ನನ್ನ ಮೂಲಕವೇ ನಡೆಯತೊಡಗಿತು.

ಅಷ್ಟರಲ್ಲಿ ಆ ತಂಡವೇ ಪರ್ತ್ ಬಳಿಯ ಸ್ವಾನ್ ವ್ಯಾಲಿಯ ದ್ರಾಕ್ಷಿತೋಟವೊಂದಕ್ಕೆ ಹಾಡಲು ಬರುವ ಸುದ್ದಿ ಬಂತು. ಅಪ್ಪ ಬಂದೇ ಬರುತ್ತೇನೆಂದರು. ಮೂವರೂ ಒಂದು ಸಲ ಒಟ್ಟಿಗೆ ಹಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ನಾನು ಗಟ್ಟಿಯಾಗಿ ನಂಬಿದ್ದೆ. ಕಾರ್ಯಕ್ರಮದ ದಿನ ಬೆಳಗ್ಗೆ ಅಪ್ಪನ ಫೋನ್ ಬಂತು.

"ಡ್ಯೂಟಿ ಹಾಕ್ಬಿಟ್ರು ಪುಟ್ಟಿ. ಅಮ್ಮಂಗೆ ಹೇಳ್ಬಿಡು."

"ನೀವೇ ಹೇಳಿ ಅಪ್ಪ," ಎನ್ನುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಅಮ್ಮ, ನಾನು ಹುಲ್ಲಿನ ಮೇಲೆ ಚಾಪೆ ಹಾಸಿ ಕೂತೆವು. ವೇದಿಕೆಯ ಮೇಲೆ ನಾಲ್ವರೇನೋ ಇದ್ದರು, ಒಂದೇ ಬಣ್ಣದ ಸೂಟಿನಲ್ಲಿ. ಹಳಬರಲ್ಲಿ ಮೂವರು ತೀರಿಕೊಂಡು, ಉಳಿದಿದ್ದವರು ಕುರ್ಚಿಯಲ್ಲಿ ಕೂತ ಅಜ್ಜ ಒಬ್ಬರೇ. ಸತ್ತವರ ಸಾಲುಗಳನ್ನು ಹೊಸ ಹುಡುಗರು ಚೂರೂ ತಪ್ಪದೆ ಹಾಡಿದರು. ಜನ ಎದ್ದು ಕುಣಿದರು. ಅಜ್ಜ ಮಾತ್ರ ಪ್ರತಿ ಸಾಲಿಗೂ ಪಕ್ಕಕ್ಕೆ ತಿರುಗಿ, ಯಾರು ಹಾಡಿದ್ದೆಂದು ನೋಡುತ್ತಿದ್ದರು. ನನಗೆ ಅಳು ಒತ್ತರಿಸಿ ಬಂತು.

"ನೀನೂ ಹಾಡಮ್ಮ," ಎಂದೆ.

"ಗಂಟಲು ಸರಿಯಿಲ್ಲ ಕಣೆ," ಎಂದಳು.

ಆಮೇಲೆ ಅಪ್ಪ ಇಪ್ಸ್‌ವಿಚ್‌ನಲ್ಲೇ ಉಳಿದರು, ಅಮ್ಮ ಪರ್ತ್‌ನಲ್ಲೇ. ನಾನು ಓದು, ಕೆಲಸ ಎಂದು ಅಡಿಲೇಡಿಗೆ ಬಂದುಬಿಟ್ಟೆ. ಮೊನ್ನೆ ಅಪ್ಪ ಫೋನ್ ಮಾಡಿ, ಆ ತಂಡ ಅಡಿಲೇಡಿಗೂ ಬರುತ್ತಿದೆ ಎಂದರು. ಕುರ್ಚಿಯ ಆ ಅಜ್ಜನೂ ತೀರಿಕೊಂಡು ವರ್ಷಗಳಾಗಿವೆ.

"ಈಗ ಅದ್ರಲ್ಲಿ ಯಾರಿದ್ದಾರೆ ಅಪ್ಪ?"

"ಯಾರೂ ಇಲ್ಲ," ಎಂದರು. "ಆದ್ರೂ ಅದೇ ಹೆಸ್ರು."

ಅವರೆಲ್ಲ ತೀರಿಕೊಂಡರೂ ಹಾಡು ನಡೆದೇ ಇದೆ. ನಾವು ಮೂವರೂ ಆರೋಗ್ಯವಾಗಿಯೇ ಇದ್ದೇವೆ. ಒಟ್ಟಿಗೆ ಹಾಡಿ ಮಾತ್ರ ಇಪ್ಪತ್ತು ವರ್ಷದ ಹತ್ತಿರವಾಯಿತು.