ಚುಚ್ಚದ ಮೊಳೆ

ಅಪ್ಪನನ್ನು ಲೇಖಕನನ್ನಾಗಿ ಮಾಡಿದ್ದು ಚಪ್ಪಲಿ ರಿಪೇರಿ. ಅಟ್ಟೆ ಬಿಚ್ಚಿದರೆ ಕೆಲವರ ಚಪ್ಪಲಿಯಲ್ಲಿ ಮೊಳೆ ಒಳಗೆ ತೂರಿ, ಒಣಗಿದ ರಕ್ತ ಅಂಟಿಕೊಂಡಿರುತ್ತಿತ್ತು.

"ಚುಚ್ಚಲಿಲ್ವೇನ್ರೀ?"

"ಗೊತ್ತೇ ಆಗ್ಲಿಲ್ಲ ಕಣಪ್ಪ."

ಅವರಿಗೆಲ್ಲ ಸಕ್ಕರೆ ಕಾಯಿಲೆ. ಜೋಡಿ ತರುತ್ತಿದ್ದವರಲ್ಲಿ ಕೆಲವರು ಆಮೇಲೆ ಒಂದೇ ಚಪ್ಪಲಿ ತರತೊಡಗಿದರು.

ಅಪ್ಪ ಮನೆಯ ಸಕ್ಕರೆ ಭರಣಿ ಖಾಲಿ ಮಾಡಿಸಿ, ತನ್ನ ರಿಪೇರಿ ಅಂಗಡಿಗೆ ತಂದು, ಆ ಮೊಳೆಗಳನ್ನು ಅದರಲ್ಲಿ ಕೂಡಿಡತೊಡಗಿದ. ಬಿಳಿ ಸಕ್ಕರೆಯ ವಿರುದ್ಧ ಪುಸ್ತಕ ಬರೆದು, ರಿಪೇರಿಯಾದ ಪ್ರತಿ ಜೋಡಿಯ ಜೊತೆಗೂ ಒಂದು ಪ್ರತಿ ಕೊಟ್ಟ. ಬೇಕರಿಯ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದ. ಜನ ಅವನಿಗೆ 'ಕಹಿಯಪ್ಪ' ಎಂದು ಹೆಸರಿಟ್ಟರು.

ನನ್ನ ಮೈ ಉರಿಯುತ್ತಿದ್ದುದು ಅವನ ಚಹಾ ನೋಡಿ. ಪಕ್ಕದ ಹೋಟೆಲಿನಿಂದ ತರಿಸುವುದು, ಅದಕ್ಕೆ ಮೂರು ಚಮಚ ಸಕ್ಕರೆ! ಕೇಳಿದರೆ ನನ್ನ ಮೇಲೇ ರೇಗುತ್ತಿದ್ದ: "ಬರೆಯೋವಾಗ ಮಾತ್ರ ಕಣೇ. ತಲೆ ಓಡ್ಬೇಕಲ್ಲ!"

ಅವನು ಬರೆಯದ ದಿನವೇ ಇರಲಿಲ್ಲ.

ಹೋದ ವಾರ ಐದನೆಯ ಪುಸ್ತಕದ ಕರಡು ತಿದ್ದಲು ಅಂಗಡಿಗೆ ಹೋದೆ. ಬೆಳಿಗ್ಗೆ ಭರಣಿ ಕೈಜಾರಿ ಒಡೆಯಿತಂತೆ. "ಮೊಳೆಗಳನ್ನೆಲ್ಲ ಆರಿಸಿಟ್ಟೆ," ಎಂದ ಅಪ್ಪ. ಅಂಗಡಿಯೊಳಗೆ ಅವನು ಯಾವಾಗಲೂ ಬರಿಗಾಲಲ್ಲೇ ಓಡಾಡುವವನು.

ನೆಲದ ಮೇಲೆ ಕೆಂಪು ಹೆಜ್ಜೆಗಳಿದ್ದವು. ತೋರಿಸಿದೆ.

"ನೋಡಿದ್ಯಾ, ಇನ್ನೊಬ್ಬ ಗಿರಾಕಿ! ಯಾವ ಪುಣ್ಯಾತ್ಮನೋ, ಗೊತ್ತೇ ಆಗಿಲ್ಲ ಅವನಿಗೆ," ಎಂದು ಹಲ್ಲು ಕಡಿಯುತ್ತ, ಅದನ್ನೂ ಪುಸ್ತಕಕ್ಕೆ ಸೇರಿಸಲು ಪೆನ್ನು ಎತ್ತಿಕೊಂಡ.

ಹೆಜ್ಜೆಗಳು ಬಾಗಿಲಿನಿಂದ ಬಂದಿರಲಿಲ್ಲ. ಭರಣಿ ಒಡೆದ ಮೂಲೆಯಿಂದ ಹೊರಟು, ಅವನು ಕೂತಿದ್ದ ಸ್ಟೂಲಿನ ಹತ್ತಿರ ನಿಂತಿದ್ದವು.

"ಅಪ್ಪಾ, ಸ್ವಲ್ಪ ಕಾಲೆತ್ತು," ಎಂದೆ.